ಎಷ್ಟು ದೊಡ್ಡ ಗುಂಡು ಸಾಕು?

ಕೆಲವು ಪ್ರಶ್ನೆಗಳು ಮೇಲುನೋಟಕ್ಕೆ ಅಂಗಡಿಯ ಪ್ರಶ್ನೆಗಳಂತೆ ಕಾಣುತ್ತವೆ. ತೂಕ ಎಷ್ಟು, ಅಳತೆ ಎಷ್ಟು, ಬೆಲೆ ಎಷ್ಟು ಎಂದು ತಿಳಿದರೆ ಅಲ್ಲಿಗೆ ಮುಗಿಯಿತು ಎನಿಸುತ್ತದೆ. ಸ್ವಲ್ಪ ಹೊತ್ತು ಅವುಗಳ ಎದುರು ಕುಳಿತರೆ, ತೂಕದ ಕಲ್ಲಿನ ಅಡಿಯಲ್ಲಿ ಧರ್ಮದ ಪ್ರಶ್ನೆಯೊಂದು ಅಡಗಿರುವುದು ಕಣ್ಣಿಗೆ ಬೀಳುತ್ತದೆ. ಆನೆ, ಹುಲಿ, ಕಾಟಿಯಂಥ ಅಪಾಯದ ಮೃಗವನ್ನು ಹೊಡೆಯಲು ಎಷ್ಟು ದೊಡ್ಡ ಗುಂಡು ಬೇಕು ಎಂಬುದು ಈ ಜಾತಿಯ ಪ್ರಶ್ನೆ. ಬೇಟೆಗಾರರು ಇದನ್ನು ನೂರು ವರ್ಷಗಳಿಗೂ ಮೇಲ್ಪಟ್ಟು ಚರ್ಚಿಸಿದ್ದಾರೆ, ಇನ್ನೂ ಮುಗಿಸಿಲ್ಲ. ಅವರ ಲೆಕ್ಕ ತಪ್ಪಿರುವುದರಿಂದ ಅದು ಮುಗಿಯಲಿಲ್ಲ ಎನ್ನುವಂತಿಲ್ಲ. ಪ್ರಶ್ನೆ ಬರಿಯ ಲೆಕ್ಕದ್ದಾಗಿರಲಿಲ್ಲ ಎಂದೇ ನನಗೆ ತೋರುತ್ತದೆ.

ಪಡುಬಿದ್ರಿಯಲ್ಲಿ ಕುಳಿತ ಕನ್ನಡದ ಅಧ್ಯಾಪಕನಿಗೆ ಈ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ನಮಗೆ ಪಡುವಣಕ್ಕೆ ಕಡಲು. ಮೂಡಣಕ್ಕೆ ನಂದಿಕೂರು, ಬೆಳ್ಮಣ್ಣುಗಳನ್ನು ಹಾದು ಕಾರ್ಕಳಕ್ಕೆ ಹೋಗುವ ರಸ್ತೆ. ಊರಿನ ಹೆಸರಿನಲ್ಲಿ ಬಿದಿರು ಉಳಿದಿದೆ. ಬಿದಿರು ಮೇಯುವ ಆನೆ ಇಲ್ಲ. ಹುಲಿ ಇಲ್ಲಿಗೆ ಬರುವುದು ಅಷ್ಟಮಿಗೆ ಮತ್ತು ನವರಾತ್ರಿಗೆ, ಮೈಗೆ ಬಣ್ಣ ಬಳಿದುಕೊಂಡು ತಾಸೆಯ ಪೆಟ್ಟಿಗೆ ಕುಣಿಯುವ ವೇಷವಾಗಿ. ಆದರೆ ತುಳುನಾಡು ಅಪಾಯದ ಮೃಗವನ್ನು ಮರೆತ ನಾಡಲ್ಲ. ಬೆಳೆ ತಿನ್ನುವ ಹಂದಿಗೆ ಇಲ್ಲಿ ಪಂಜುರ್ಲಿಯೆಂಬ ದೈವದ ರೂಪ ಉಂಟು. ಹುಲಿಯ ಹೆಸರು ಹೊತ್ತ ಪಿಲಿಚಾಮುಂಡಿ ಉಂಟು. ಗದ್ದೆಯಲ್ಲಿ ಓಡಿಸಿದ ಪ್ರಾಣಿಯ ಮುಂದೆಯೇ ಕೋಲದ ರಾತ್ರಿ ಕೈ ಮುಗಿದು ನಿಲ್ಲುವ ಜನರ ನಡುವೆ ಬೆಳೆದವನಿಗೆ, ಕೊಲ್ಲುವುದರ ಅಳತೆ ಎಂಬ ಮಾತು ತೀರ ಹೊರಗಿನದಾಗಿ ಕಾಣುವುದಿಲ್ಲ.

ನನ್ನನ್ನು ಈ ದಾರಿಗೆ ಹಚ್ಚಿದ್ದು ಒಂದು ಸಂಖ್ಯೆ. ಬೆಂಗಳೂರಿನಲ್ಲಿ ಬಾಳಿ 1974ರಲ್ಲಿ ತೀರಿಕೊಂಡ ಕೆನೆತ್ ಆಂಡರ್ಸನ್ನರ ಬೇಟೆಯ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕಥೆಗಳು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ಆ ಕಥೆಗಳನ್ನು ಓದಿದ ಯಾರಿಗೂ ಆಂಡರ್ಸನ್ನರ ಕೈಯ ವಿಂಚೆಸ್ಟರ್ ರೈಫಲ್ ಪರಿಚಿತವೇ. ಅದು .405ರ ರೈಫಲ್. ಇಂಗ್ಲೆಂಡು ಅಮೆರಿಕಗಳಲ್ಲಿ ಕೋವಿಯ ನಳಿಗೆಯ ಒಳಗಾತ್ರವನ್ನು ಅಂಗುಲದ ದಶಾಂಶದಲ್ಲಿ ಹೇಳುವುದು ವಾಡಿಕೆ; .405 ಎಂದರೆ ಅಂಗುಲದ ಐದರಲ್ಲಿ ಎರಡು ಪಾಲಿನಷ್ಟು ಅಗಲದ ತೂತು. ಇದೇ ಏಕೆ, ಇದಕ್ಕಿಂತ ದೊಡ್ಡದು ಏಕಲ್ಲ, ಚಿಕ್ಕದು ಏಕಲ್ಲ ಎಂದು ಹುಡುಕಹೊರಟವನಿಗೆ ಹಳೆಯ ಶಿಕಾರಿಗಳ ಪುಸ್ತಕಗಳಲ್ಲಿ ಒಂದು ದೊಡ್ಡ ವ್ಯಾಜ್ಯವೇ ಎದುರಾಯಿತು.

ವ್ಯಾಜ್ಯದ ಮೊದಲ ಸಾಕ್ಷಿ ನಮ್ಮ ಮೈಸೂರು ಸೀಮೆಯವನೇ. 1874ರಲ್ಲಿ ಚಾಮರಾಜನಗರದ ಕಡೆ ಖೆಡ್ಡಾ ತೋಡಿ ಆನೆ ಹಿಡಿದ ಸ್ಯಾಂಡರ್ಸನ್, 1878ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಆನೆಗೆ ತಕ್ಕ ಕೋವಿಯ ವಿಷಯವನ್ನು ವಿಸ್ತಾರವಾಗಿ ಬರೆದಿದ್ದಾನೆ. ಅದು ಕರಿಮದ್ದಿನ ಕಾಲ. ಕರಿಮದ್ದಿಗೆ ಗುಂಡನ್ನು ವೇಗವಾಗಿ ಓಡಿಸುವ ಶಕ್ತಿ ಸಾಲದು. ಆದ್ದರಿಂದ ಬಲ ಬೇಕಾದವರು ಗುಂಡನ್ನೇ ಹಿರಿದಾಗಿ ಮಾಡಬೇಕಿತ್ತು. ನಾಲ್ಕು ಬೋರಿನ ಕೋವಿ ಎಂದರೆ ಒಂದು ಪೌಂಡು ಸೀಸದಲ್ಲಿ ನಾಲ್ಕೇ ಗುಂಡು ಆಗುವಂಥದು. ಒಂದೊಂದು ಗುಂಡಿಗೂ ಕಾಲು ಪೌಂಡು ತೂಕ. ಅದನ್ನು ಹಾರಿಸಿದರೆ ಎದುರಿನ ಆನೆಗೆ ಆಗುವಷ್ಟಲ್ಲದಿದ್ದರೂ ಹಿಂದೆ ನಿಂತವನ ಹೆಗಲಿಗೂ ಸಾಕಷ್ಟು ಆಗುತ್ತಿತ್ತು. ಮದ್ದಿನ ಹೊಗೆ ಕಣ್ಣಿಗೆ ಕಟ್ಟಿ, ಆನೆ ಬಿತ್ತೋ ಬರುತ್ತಿದೆಯೋ ಎಂದು ತಿಳಿಯದೆ ಒಂದೆರಡು ಕ್ಷಣ ಕಳೆಯಬೇಕಾಗುತ್ತಿತ್ತು.

ಹೊಗೆಯಿಲ್ಲದ ಕಾರ್ಡೈಟ್ ಮದ್ದು ಬಂದ ಮೇಲೆ ಈ ಲೋಕ ಬದಲಾಯಿತು. 1898ರಲ್ಲಿ ಲಂಡನ್ನಿನ ರಿಗ್ಬಿ ಎಂಬ ಕೋವಿಗಾರರು .450 ನೈಟ್ರೋ ಎಕ್ಸ್‌ಪ್ರೆಸ್ ಎಂಬ ತೋಟಾವನ್ನು ಹೊರತಂದರು. ಅದು ಹಳೆಯ ಗುಂಡಿಗಿಂತ ಬಹಳ ಕಿರಿದು, ಬಹಳ ವೇಗಿ. ಅಪಾಯದ ಮೃಗಕ್ಕೆ ಇದೇ ಸಾಕು ಎಂದು ಎಲ್ಲರೂ ಒಪ್ಪುವ ಹೊತ್ತಿಗೆ ಸರಕಾರ ಅಡ್ಡ ಬಂದಿತು. ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಕೋವಿಗಳ ಗಾತ್ರವೂ .450 ಆಗಿತ್ತು; ದಂಗೆಯೆದ್ದವರ ಕೈಗೆ ಆ ಗಾತ್ರದ ಗುಂಡು ಸಿಕ್ಕೀತೆಂಬ ಭಯದಿಂದ 1907ರಲ್ಲಿ .450ರ ರೈಫಲುಗಳನ್ನೂ ತೋಟಾಗಳನ್ನೂ ಭಾರತಕ್ಕೂ ಸೂಡಾನಿಗೂ ತರಕೂಡದೆಂದು ಬ್ರಿಟಿಷರು ವಿಧಿಸಿದರು. ಕೋವಿಗಾರರು ಕೈ ಕಟ್ಟಿ ಕೂರಲಿಲ್ಲ. ಕೂದಲೆಳೆಯಷ್ಟು ಗಾತ್ರ ಹಿಗ್ಗಿಸಿ .465, .470, .475 ಎಂದು ಹೊಸ ಹೊಸ ಹೆಸರಿನ ತೋಟಾಗಳನ್ನು ಮುಂದಿಟ್ಟರು. ಲೋಕದ ದೊಡ್ಡ ಬೇಟೆಯ ಕೋವಿಗಳಲ್ಲಿ ಇಂದಿಗೂ ಹೆಸರಾದ .470 ಹೀಗೆ ಭಾರತದ ಒಂದು ನಿಷೇಧದ ನೆರಳಿನಲ್ಲಿ ಬೆಳೆದ ಕೂಸು. ಗುಂಡಿನ ಗಾತ್ರವನ್ನು ಪ್ರಾಣಿಯ ದೇಹ ಮಾತ್ರ ನಿರ್ಧರಿಸುವುದಿಲ್ಲ, ಮನುಷ್ಯರು ಒಬ್ಬರನ್ನೊಬ್ಬರು ಕಂಡು ಅಂಜುವುದೂ ನಿರ್ಧರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಇನ್ನು ಅಳತೆಯ ಮಾತು. ಗುಂಡನ್ನು ತೂಗುವುದು ಗ್ರೇನ್ ಎಂಬ ಮಾನದಿಂದ. 7000 ಗ್ರೇನಿಗೆ ಒಂದು ಪೌಂಡು. .470ರ ಗುಂಡು 500 ಗ್ರೇನ್, ಅಂದರೆ ಸುಮಾರು 32 ಗ್ರಾಮು. ಅದು ನಳಿಗೆ ಬಿಡುವಾಗ ಸೆಕೆಂಡಿಗೆ 2150 ಅಡಿ ವೇಗ. 1912ರಲ್ಲಿ ಬಂದ .375 ಹಾಲೆಂಡ್ ಮ್ಯಾಗ್ನಮ್ಮಿನ ಗುಂಡು 300 ಗ್ರೇನ್, ವೇಗ ಸುಮಾರು 2500 ಅಡಿ. ಆಂಡರ್ಸನ್ನರ .405ರದು 300 ಗ್ರೇನ್, 2200 ಅಡಿ. ಎಲ್ಲಕ್ಕೂ ಹಿರಿಯಣ್ಣನಾದ .600ರ ಗುಂಡು 900 ಗ್ರೇನ್, 1950 ಅಡಿ. ಅದನ್ನು ಹಾರಿಸುವ ಜೋಡುನಳಿಗೆಯ ಕೋವಿಯೇ ಏಳು ಕಿಲೋಗ್ರಾಮಿನಷ್ಟು ಭಾರ. ಎಲ್ಲರಿಗಿಂತ ಕಿರಿಯವನು .275, ಅದರ ಗುಂಡು 173 ಗ್ರೇನ್, ವೇಗ 2300 ಅಡಿ.

ಈ ಕಿರಿಯವನನ್ನು ಹಿಡಿದುಕೊಂಡೇ ಡಬ್ಲ್ಯು. ಡಿ. ಎಂ. ಬೆಲ್ ಎಂಬ ಸ್ಕಾಟ್ಲೆಂಡಿನವನು ಆಫ್ರಿಕದಲ್ಲಿ ದಂತಕ್ಕಾಗಿ ಆನೆಗಳನ್ನು ಹೊಡೆದ. ಅವನ ಕೈಯಲ್ಲಿ ಸತ್ತ ಆನೆಗಳು ಸಾವಿರಕ್ಕೂ ಮಿಗಿಲು. ಬಹುಪಾಲು ಸತ್ತದ್ದು ಇಂಥ ಸಣ್ಣ ಗುಂಡಿನಿಂದ. ಆನೆಯ ತಲೆಬುರುಡೆಯನ್ನು ಗರಗಸದಿಂದ ಕೊಯ್ಯಿಸಿ, ಮಿದುಳು ಯಾವ ಕೋನದಿಂದ ಎಲ್ಲಿ ಸಿಗುತ್ತದೆಂದು ಅವನು ಓದಿಕೊಂಡಿದ್ದ. ಗುಂಡು ಎಷ್ಟು ದೊಡ್ಡದು ಎಂಬುದಕ್ಕಿಂತ ಎಲ್ಲಿ ಹೊಕ್ಕಿತು ಎಂಬುದೇ ಮುಖ್ಯ ಎಂಬುದು ಅವನ ಮತ. ಇದಕ್ಕೆ ಎದುರಾಗಿ ಜಾನ್ ಟೇಲರ್ ಎಂಬ ಇನ್ನೊಬ್ಬ ಬೇಟೆಗಾರ 1948ರಲ್ಲಿ ಬರೆದ ಪುಸ್ತಕದಲ್ಲಿ ಒಂದು ಸೂತ್ರವನ್ನೇ ಕೊಟ್ಟ. ಗುಂಡಿನ ತೂಕ, ವೇಗ, ಗಾತ್ರ ಮೂರನ್ನೂ ಗುಣಿಸಿ 7000ದಿಂದ ಭಾಗಿಸಬೇಕು. ಆ ಲೆಕ್ಕದಲ್ಲಿ .275ಕ್ಕೆ ಸುಮಾರು 16 ಅಂಕ, .405ಕ್ಕೆ 38, .375ಕ್ಕೆ 40, .470ಕ್ಕೆ 72, .600ಕ್ಕೆ 150. ಟೇಲರನ ವಾದವೂ ಹುರುಳಿಲ್ಲದ್ದಲ್ಲ. ಗುಂಡು ಮಿದುಳಿಗೇ ತಗುಲಿದರೆ ಎಲ್ಲವೂ ಒಂದೇ. ಕೂದಲೆಳೆಯಲ್ಲಿ ತಪ್ಪಿತು ಎನ್ನಿ, ಆಗ ದೊಡ್ಡ ಗುಂಡಿನ ಆಘಾತಕ್ಕೆ ಆನೆ ಪ್ರಜ್ಞೆ ತಪ್ಪಿ ಕೆಳಗೆ ಕೂರುತ್ತದೆ, ಎರಡನೆಯ ಗುಂಡಿಗೆ ಅವಕಾಶ ಸಿಗುತ್ತದೆ. ಸಣ್ಣ ಗುಂಡಿನದಾದರೆ ಆನೆ ತಿರುಗಿ ಬರುತ್ತದೆ, ಅಥವಾ ಗಾಯ ಹೊತ್ತು ಓಡಿಹೋಗುತ್ತದೆ.

ಮೊದಲ ಓದಿಗೆ ನನ್ನ ಮನಸ್ಸು ಬೆಲ್ಲನ ಕಡೆಗೇ ವಾಲಿತ್ತು. ನಮ್ಮಂಥ ಓದುಬರೆಹದವರಿಗೆ ಕೌಶಲವೆಂದರೆ ಪ್ರೀತಿ. ಬಲವೆಂದರೆ ಸ್ವಲ್ಪ ತಾತ್ಸಾರ. ದೊಡ್ಡ ಕೋವಿ ಹಿಡಿದವನು ದರ್ಪದವನು, ಚಿಕ್ಕ ಕೋವಿ ಹಿಡಿದವನು ವಿನಯಶಾಲಿ ಎಂದು ತಟ್ಟನೆ ತೀರ್ಪು ಕೊಟ್ಟುಬಿಡುತ್ತೇವೆ. ಯೋಚಿಸಿದಷ್ಟೂ ಇದು ತಿರುಗುಮುರುಗಾಗಿ ಕಾಣತೊಡಗಿತು. ಸಣ್ಣ ಗುಂಡು ಹಿಡಿದು ಆನೆಯ ಎದುರು ಹೋಗುವವನು ತನ್ನ ಕೈ ನಡುಗದು, ಕಣ್ಣು ಮಸುಕಾಗದು, ಆನೆ ಕೊನೆಯ ಗಳಿಗೆಯಲ್ಲಿ ತಲೆ ಅಲ್ಲಾಡಿಸದು ಎಂದು ಮುಂಗಡವಾಗಿ ಒಪ್ಪಿಸಿಬಿಟ್ಟವನು. ದೊಡ್ಡ ಗುಂಡು ಹಿಡಿದವನು, ನಾನು ತಪ್ಪಬಹುದು, ಆ ತಪ್ಪಿನ ಬೆಲೆಯನ್ನು ಆ ಪ್ರಾಣಿಯ ತಲೆಗೆ ಕಟ್ಟಲಾರೆ ಎನ್ನುವವನು. ಹೆಗಲ ನೋವನ್ನು ತಾನು ಉಂಡು ಪ್ರಾಣಿಯ ನೋವನ್ನು ಕಡಿಮೆ ಮಾಡುವ ಏರ್ಪಾಡು ಅದು. ಹಾಗಾದರೆ ವಿನಯ ಯಾವ ಕಡೆಗಿದೆ?

ಬೆಲ್ಲನಿಗೆ ಅವನ ಕ್ರಮ ಸರಿಹೋಗಿರಬಹುದು. ಆದರೆ ಅಸಾಧಾರಣನ ನಡತೆಯನ್ನು ಸಾಧಾರಣರು ನಿಯಮ ಮಾಡಿಕೊಂಡರೆ ಅದರ ಸಂಕಟ ಮೂರನೆಯವರ ಪಾಲಿಗೆ ಬೀಳುತ್ತದೆ. ಬೆಲ್ಲನ ಪುಸ್ತಕ ಓದಿದವನಿಗೆ ಬೆಲ್ಲನ ಕೋವಿ ಸಿಕ್ಕೀತು. ಬೆಲ್ಲನ ಕೈ ಸಿಗುವುದಿಲ್ಲ. ಆಫ್ರಿಕದ ಹಲವು ದೇಶಗಳ ಕಾನೂನು ಅಪಾಯದ ಮೃಗಗಳಿಗೆ .375ಕ್ಕಿಂತ ಕಡಿಮೆಯ ಕೋವಿಯನ್ನು ಒಪ್ಪದಿರುವುದು ಈ ಕಾರಣಕ್ಕೇ. ಕಾನೂನು ಬೆಲ್ಲನನ್ನು ಮನಸ್ಸಿನಲ್ಲಿಟ್ಟು ಬರೆಯುವಂಥದಲ್ಲ, ನಡುಗುವ ಕೈಯನ್ನು ಮನಸ್ಸಿನಲ್ಲಿಟ್ಟು ಬರೆಯುವಂಥದು.

ಹಾಗೆಂದು ದೊಡ್ಡದಾದಷ್ಟೂ ಒಳ್ಳೆಯದೆಂದೂ ಹೇಳುವಂತಿಲ್ಲ. ಕೋವಿಯ ಒದೆತಕ್ಕೆ ಹೆದರಿದವನು ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾನೆ, ಹೆಗಲು ಹಿಂದೆ ಸರಿಸುತ್ತಾನೆ. ಗುಂಡು ಎಲ್ಲಿಗೋ ಹೋಗುತ್ತದೆ. 150 ಅಂಕದ ತೋಟಾ ಹೊಟ್ಟೆಗೆ ತಗುಲಿದರೆ 16 ಅಂಕದ್ದು ಹೊಟ್ಟೆಗೆ ತಗುಲಿದ್ದಕ್ಕಿಂತ ಬಹಳ ಮೇಲೇನಲ್ಲ. ಕಾಗದದ ಮೇಲಿನ ಅಂಕೆಯೂ ಎಲ್ಲ ಹೊತ್ತಿಗೂ ನಂಬಿಕೆಯದಲ್ಲ. 1956ರಲ್ಲಿ ಅಮೆರಿಕದ ವಿಂಚೆಸ್ಟರಿನವರು .470ರಷ್ಟೇ ಬಲವೆಂದು ತಂದ .458 ತೋಟಾದಲ್ಲಿ, ಕಿರಿದಾದ ಕವಚದೊಳಗೆ ಒತ್ತಿ ತುಂಬಿದ ಮದ್ದು ಕಾಲಕ್ರಮದಲ್ಲಿ ಗಟ್ಟಿಯಾಗಿ, ಹೇಳಿದ ವೇಗ ಬರುವುದಿಲ್ಲವೆಂದು ಆಫ್ರಿಕದ ಬೇಟೆಗಾರರು ದೂರಿದರು. ಕಾರ್ಡೈಟಿಗೂ ಅದರದೇ ಆದ ಸ್ವಭಾವವಿತ್ತು. ಬಿಸಿಲಿನ ದೇಶದಲ್ಲಿ ಅದರ ಒತ್ತಡ ಏರುತ್ತದೆಂದು ನಮ್ಮ ಕಡೆಗೆ ಕಳಿಸುವ ತೋಟಾಗಳಲ್ಲಿ ಮದ್ದನ್ನು ಕಡಿಮೆ ತುಂಬುತ್ತಿದ್ದರು.

ನನ್ನ ಅಜ್ಜಿಯ ತಮ್ಮನೊಬ್ಬರು ಕಾರ್ಕಳದಿಂದ ಮೂಡಕ್ಕೆ, ಘಟ್ಟದ ಬುಡದಲ್ಲಿ ಬೇಸಾಯ ಮಾಡಿಕೊಂಡಿದ್ದರು. 1972ರ ಕಾನೂನು ಬರುವ ಮೊದಲು ಅವರ ಮನೆಯಲ್ಲಿ ಕೇಪಿನ ಕೋವಿಯೊಂದು ದುಡಿಯುತ್ತಿತ್ತು. ಅದರಲ್ಲಿ ತೋಟಾ ಇಲ್ಲ; ನಳಿಗೆಯ ಬಾಯಿಂದ ಮದ್ದು ಸುರಿದು, ಮೇಲೆ ನಾರು ತುರುಕಿ, ಗುಂಡು ಹಾಕಿ ಗಜದಿಂದ ಜಡಿಯಬೇಕು. ಈಡು ಎಷ್ಟಾಯಿತೆಂದು ಗಜ ಹೊರಗೆ ಉಳಿಯುವುದನ್ನು ಬೆರಳಿನಲ್ಲಿ ಅಳೆದು ತಿಳಿಯುವುದು. ನಾನು ಕಾಲೇಜಿನಲ್ಲಿದ್ದಾಗ ಒಮ್ಮೆ ಕೇಳಿದೆ: “ಎಷ್ಟು ಬೆರಳು ಈಡು ಹಾಕುತ್ತಿದ್ದಿರಿ, ಅಜ್ಜ?” ಅವರು ತುಳುವಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: “ಹಂದಿಗೆ ಬೇಕಾದಷ್ಟು, ನನ್ನ ಹೆಗಲು ತಾಳುವಷ್ಟು, ಮಗಾ.” ಸ್ವಲ್ಪ ತಡೆದು ಇನ್ನೊಂದು ಮಾತು ಸೇರಿಸಿದರು: “ಈಡು ಎಷ್ಟಾದರೂ ಇರಲಿ. ನೆತ್ತರು ಕಂಡ ಮೇಲೆ ಹಂದಿ ಎಲ್ಲಿ ಹೋಯಿತೆಂದು ನೋಡದೆ ಮನೆಗೆ ಬಂದವನಿಗೆ ಗಂಜಿ ಇಳಿಯಬಾರದು.” ಬೆಲ್ ಮತ್ತು ಟೇಲರರ ವ್ಯಾಜ್ಯದಲ್ಲಿ ನಾನು ಓದಿದ್ದೆಲ್ಲ ಆ ಮೊದಲ ಮಾತಿನಲ್ಲಿ ಅಡಕವಾಗಿದೆ. ಎರಡನೆಯ ಮಾತು ಆ ವ್ಯಾಜ್ಯವನ್ನೇ ದಾಟಿ ಹೋಗುತ್ತದೆ.

ದೊಡ್ಡ ಬೇಟೆಯವರಲ್ಲಿಯೂ ಈ ನಿಯಮವಿತ್ತು. ಗಾಯಗೊಂಡ ಹುಲಿಯನ್ನು ಹಳುವಿನಲ್ಲಿ ಹಿಂಬಾಲಿಸಿ ಮುಗಿಸುವುದು ಹೊಡೆದವನ ಹೊಣೆ. ಆಳುಗಳನ್ನು ಮುಂದೆ ಬಿಟ್ಟು ತಾನು ಹಿಂದೆ ನಿಂತವನನ್ನು ಅವರು ಬೇಟೆಗಾರನೆಂದು ಎಣಿಸುತ್ತಿರಲಿಲ್ಲ. ನಿಯಮ ಮುರಿದರೆ ಏನಾಗುತ್ತದೆಂಬುದಕ್ಕೆ ಕುಮಾವೂನಿನ ಚಂಪಾವತದ ಹೆಣ್ಣುಹುಲಿಯೇ ಸಾಕ್ಷಿ. 436 ಜನರನ್ನು ಕೊಂದಿತೆಂದು ಲೆಕ್ಕವಿರುವ ಆ ಹುಲಿಯನ್ನು ಜಿಮ್ ಕಾರ್ಬೆಟ್ 1907ರಲ್ಲಿ ಕೊಂದ. ಆ ದಿನ ಅವನ ಕೈಯಲ್ಲಿ .500ರ ಜೋಡುನಳಿಗೆಯ ರೈಫಲ್ ಇತ್ತು, ತೋಟಾಗಳು ಮೂರೇ. ಮೂರೂ ಮುಗಿದರೂ ಹುಲಿ ಸಾಯಲಿಲ್ಲ. ಕೊನೆಗೆ ತಹಶೀಲ್ದಾರನ ಸಡಿಲು ಕೋವಿಯೊಂದನ್ನು ಇಸಿದುಕೊಂಡು ಹತ್ತಿರ ಹೋಗಿ ಅದನ್ನು ಮುಗಿಸಬೇಕಾಯಿತು. ಸತ್ತ ಹುಲಿಯ ಬಾಯಿ ತೆರೆದು ನೋಡಿದಾಗ ಬಲಗಡೆಯ ಮೇಲಿನ ಮತ್ತು ಕೆಳಗಿನ ಕೋರೆಹಲ್ಲುಗಳು ಮುರಿದಿದ್ದವು. ಅದು ಹಳೆಯ ಗುಂಡೇಟಿನ ಗುರುತು. ತನ್ನ ಸಹಜವಾದ ಬೇಟೆಯನ್ನು ಹಿಡಿಯಲಾರದೆ ಅದು ಮನುಷ್ಯನ ಕಡೆಗೆ ತಿರುಗಿತ್ತು.

ಕಾರ್ಬೆಟ್ಟನ ಹೆಸರು ಲೋಕಕ್ಕೆಲ್ಲ ಗೊತ್ತು. ಆ ಮೊದಲ ಗುಂಡು ಹೊಡೆದವನು ಯಾರು? ಅವನಿಗೆ ಹೆಸರಿಲ್ಲ. ಗುರಿ ನಾಲ್ಕು ಬೆರಳು ತಪ್ಪಿತು, ಹುಲಿ ಓಡಿತು, ಆತ ಮನೆಗೆ ಹೋದ. ಬಹುಶಃ ಅಂದು ರಾತ್ರಿ ಊಟ ಮಾಡಿ ನಿದ್ರಿಸಿಯೂ ಇದ್ದ. ಅವನು ಕ್ರೂರನಾಗಿರಬೇಕೆಂದಿಲ್ಲ; ಹುಲಿ ತಪ್ಪಿಸಿಕೊಂಡದ್ದಕ್ಕೆ ಒಳಗೊಳಗೆ ಸಮಾಧಾನಪಟ್ಟ ಸಾಧುವೇ ಆಗಿದ್ದಿರಬಹುದು. 436 ಮನೆಗಳಲ್ಲಿ ದೀಪ ಆರಿದ್ದಕ್ಕೆ ಅವನಿಗೆ ಪಾಲುಂಟೆಂದು ಯಾವ ನ್ಯಾಯಾಲಯವೂ ಹೇಳದು. ಆದರೂ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಕಾರ್ಬೆಟ್ಟನ ಬಳಿಯಲ್ಲಲ್ಲ, ಈ ಹೆಸರಿಲ್ಲದವನ ಬಳಿಯಲ್ಲಿ. ಏಕೆಂದರೆ ನಮ್ಮಲ್ಲಿ ಕಾರ್ಬೆಟ್ಟನಂಥವರು ವಿರಳ, ಇವನಂಥವರು ಬೇಕಾದಷ್ಟು.

ಕಿರಾತಾರ್ಜುನೀಯದ ಪ್ರಸಂಗ ನಮ್ಮ ಕಡೆಯ ಯಕ್ಷಗಾನ, ತಾಳಮದ್ದಲೆಗಳಲ್ಲಿ ಎಲ್ಲರೂ ಕಂಡು ಕೇಳಿದ್ದೇ. ಒಂದೇ ಹಂದಿಗೆ ಏಕಕಾಲಕ್ಕೆ ಎರಡು ಬಾಣ ನಾಟುತ್ತವೆ. ನನ್ನದು ಮೊದಲು ತಗುಲಿತು, ಹಂದಿ ನನ್ನದು ಎಂದು ಅರ್ಜುನ, ನನ್ನದೆಂದು ಕಿರಾತ. ಇಬ್ಬರು ಅರ್ಥಧಾರಿಗಳು ಸಮರ್ಥರಾದರೆ ಈ ವಾದವನ್ನು ಗಂಟೆಗಟ್ಟಲೆ ಕೇಳಬಹುದು. ಅದನ್ನು ಕೇಳುವಾಗಲೆಲ್ಲ ನನಗೆ ಒಂದು ಯೋಚನೆ ಬರುತ್ತದೆ. ಸತ್ತು ಬಿದ್ದ ಹಂದಿಗೆ ಇಬ್ಬರು ಒಡೆಯರು ಹೊಡೆದಾಡುತ್ತಾರೆ. ಅದೇ ಹಂದಿ ಎರಡೂ ಬಾಣಗಳನ್ನು ಹೊತ್ತು ಪೊದೆಗೆ ನುಗ್ಗಿದ್ದರೆ, ಅದು ನನ್ನ ಬಾಣವೆಂದು ಹೇಳಿಕೊಳ್ಳಲು ಎಷ್ಟು ಮಂದಿ ಮುಂದೆ ಬರುತ್ತಿದ್ದರು?

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪಕ್ಕೆ ಎಡೆಯುಂಟು. ಕೊಲ್ಲುವುದೇ ತಪ್ಪಾಗಿರುವಾಗ ಚೆನ್ನಾಗಿ ಕೊಲ್ಲುವುದು ಹೇಗೆಂದು ಚರ್ಚಿಸುವುದು ಎಂಥ ಧರ್ಮ? ಈ ಮಾತಿಗೆ ನಮ್ಮ ನೆರೆಯಲ್ಲೇ ದೊಡ್ಡ ಬೆಂಬಲವಿದೆ. ಕಾರ್ಕಳದ ಬಂಡೆಯ ಮೇಲೆ 1432ರಿಂದ ನಿಂತಿರುವ ಬಾಹುಬಲಿ, ಗೆಲ್ಲುವ ಗಳಿಗೆಯಲ್ಲಿ ಎತ್ತಿದ ಕೈಯನ್ನು ತಡೆದವನು. ಬಿಡದೆ ಇರುವ ಗುಂಡಿಗಿಂತ ಒಳ್ಳೆಯ ಗುಂಡು ಇನ್ನೊಂದಿಲ್ಲ ಎಂದು ಆ ವಿಗ್ರಹದ ಬುಡದಲ್ಲಿ ನಿಂತು ಹೇಳಿದರೆ ನಾನು ಮರುಮಾತಾಡಲಾರೆ. ತಡೆಯಬಹುದಾದ ಕೈಗೆ ಅದೇ ಉತ್ತರ. ಬೆಲ್ಲನ ಸಾವಿರ ಆನೆಗಳಿಗೆ ಅವನ ಗುರಿಯ ಜಾಣ್ಮೆ ಸಮಾಧಾನವಾಗಲಾರದು. ಆದರೆ ತಡೆಯಲಾಗದ ಸಂದರ್ಭಗಳೂ ಉಂಟು. ನರಭಕ್ಷಕನ ಬಾಯಿಗೆ ಸಿಕ್ಕ ಊರಿನ ಮುಂದೆ ಬಾಹುಬಲಿಯ ವಿಗ್ರಹವನ್ನು ತೋರಿಸಿ ಸುಮ್ಮನಾಗಲು ಬರುವುದಿಲ್ಲ.

ಒಮ್ಮೆ ತರಗತಿಯಲ್ಲಿ ಜನ್ನನ ಯಶೋಧರ ಚರಿತೆಯನ್ನು ಪಾಠ ಮಾಡುತ್ತಿದ್ದೆ. 1209ರ ಕಾವ್ಯ. ತಾಯಿಯ ಒತ್ತಾಯಕ್ಕೆ ಯಶೋಧರ ಜೀವವಿರುವ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಅದರ ಫಲವಾಗಿ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ನರಳುತ್ತಾರೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸರ್, ಹಿಟ್ಟಿನ ಕೋಳಿಗೇ ಇಷ್ಟಾದರೆ, ನಮ್ಮ ತೋಟಕ್ಕೆ ಬರುವ ಹಂದಿಗೆ ಹೆದರಿಸಲಿಕ್ಕೆಂದು ಚರೆ ಹೊಡೆಯುತ್ತಾರಲ್ಲ, ಅವರಿಗೆ ಏನು?” ಎಂದ. ತರಗತಿ ನಕ್ಕಿತು. ಅವನು ನಗಿಸಲು ಕೇಳಿದ್ದಲ್ಲವೆಂದು ಅವನ ಮುಖ ಹೇಳುತ್ತಿತ್ತು. ಅಂದು ಅವನಿಗೆ ಕೊಟ್ಟ ಉತ್ತರವನ್ನೇ ಇಲ್ಲಿಯೂ ಬರೆಯುತ್ತೇನೆ. ಯಶೋಧರನಲ್ಲಿ ಸಂಕಲ್ಪವಿತ್ತು, ಪ್ರಾಣಿ ಇರಲಿಲ್ಲ. ಚರೆ ಹೊಡೆದು ಬಾಗಿಲು ಹಾಕಿಕೊಂಡವನಲ್ಲಿ ಸಂಕಲ್ಪವಿಲ್ಲ, ಪ್ರಾಣಿ ಇದೆ. ಹೊಟ್ಟೆಯಲ್ಲಿ ಸೀಸ ಹೊತ್ತ ಹಂದಿ ತೋಡಿನ ಬದಿಯ ಮುಂಡುಗದ ಪೊದೆಯಲ್ಲಿ ನಾಲ್ಕು ದಿನ ಸಾಯುತ್ತಿರುವಾಗ, ನನಗೆ ಕೊಲ್ಲುವ ಮನಸ್ಸಿರಲಿಲ್ಲ ಎಂಬ ಮಾತು ಅದರ ಕಿವಿಗೆ ಮುಟ್ಟುವುದಿಲ್ಲ. ಜನ್ನ ಸಂಕಲ್ಪದ ಪಾಪವನ್ನು ಹೇಳಿದ. ಸಂಕಲ್ಪವಿಲ್ಲದೆಯೂ ನಡೆಯುವ ನೋವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಕೆಲಸ ನಮಗೆ ಉಳಿದಿದೆ.

ಇದಕ್ಕೆ ಹಳೆಯ ಮಾದರಿಯೊಂದು ರಾಮಾಯಣದಲ್ಲಿಯೇ ಇದೆ. ದಶರಥ ಕಣ್ಣಿಗೆ ಕಾಣದ್ದಕ್ಕೆ, ಬರಿಯ ಸದ್ದಿಗೆ ಬಾಣ ಬಿಟ್ಟ. ಕತ್ತಲೆಯಲ್ಲಿ ಆನೆ ನೀರು ಕುಡಿಯುತ್ತಿದೆಯೆಂದು ಎಣಿಸಿದ್ದ. ಬಾಣ ತಗುಲಿದ್ದು ಕುರುಡ ತಂದೆತಾಯಿಗಳಿಗೆ ನೀರು ತುಂಬುತ್ತಿದ್ದ ಹುಡುಗನಿಗೆ. ಶಬ್ದವೇಧಿ ಎಂಬ ಬಿಲ್ಗಾರಿಕೆಯ ಹೆಮ್ಮೆ ಅಲ್ಲಿ ಬೆಲ್ಲನ ಹೆಮ್ಮೆಯಂತೆಯೇ ಕೆಲಸ ಮಾಡಿತ್ತು. ಆದರೆ ಕೂಗು ಕೇಳಿದ ಮೇಲೆ ದಶರಥ ರಥ ತಿರುಗಿಸಿ ಅಯೋಧ್ಯೆಗೆ ಹೋಗಲಿಲ್ಲ. ಕೂಗು ಬಂದ ಕಡೆಗೆ ನಡೆದ, ಬಾಣ ನಾಟಿದ ಮೈಯನ್ನು ಕಂಡ, ಕೊಡದಲ್ಲಿ ನೀರು ತುಂಬಿಕೊಂಡು ಆ ಮುದುಕರ ಬಳಿಗೆ ಹೋಗಿ ನಡೆದದ್ದನ್ನು ತನ್ನ ಬಾಯಿಂದಲೇ ಹೇಳಿ, ಅವರಿಟ್ಟ ಶಾಪವನ್ನು ಹೊತ್ತ. ಬಾಣ ಬಿಟ್ಟದ್ದರಲ್ಲಿ ಅವನು ದೊಡ್ಡವನಲ್ಲ. ಬಿಟ್ಟ ಬಾಣದ ಹಿಂದೆ ನಡೆದದ್ದರಲ್ಲಿ ಅವನು ಚಂಪಾವತದ ಹೆಸರಿಲ್ಲದವನಿಗಿಂತ ಬೇರೆಯಾಗುತ್ತಾನೆ.

ಇಂದು ದೊಡ್ಡ ಬೇಟೆ ನಮ್ಮಲ್ಲಿ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದನ್ನು ನಿಲ್ಲಿಸಿತು, ಒಳ್ಳೆಯದೇ ಆಯಿತು. ಆನೆ ಹುಲಿಗಳಂಥ ಪ್ರಾಣಿಯೊಂದು ಮನುಷ್ಯರ ಜೀವಕ್ಕೆ ಅಪಾಯವಾದರೆ, ಅಥವಾ ಗುಣವಾಗದಷ್ಟು ಊನಗೊಂಡಿದ್ದರೆ, ಹಿಡಿಯಲು, ಮತ್ತು ಬರಿಸಲು, ಬೇರೆಡೆಗೆ ಸಾಗಿಸಲು ಯಾವುದಕ್ಕೂ ಸಾಧ್ಯವಿಲ್ಲವೆಂದು ಕಂಡಾಗ ಮಾತ್ರ, ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣ ಬರೆದು ಕೊಲ್ಲಲು ಅನುಮತಿ ಕೊಡಬಹುದು. .470, .600ಗಳು ವಸ್ತುಸಂಗ್ರಹದ ಮಾತಾದವು. ಹಾಗಾದರೆ ನಮ್ಮ ಪ್ರಶ್ನೆಯೂ ಗಾಜಿನ ಪೆಟ್ಟಿಗೆ ಸೇರಿತೇ? ನನಗೆ ಹಾಗೆನಿಸುವುದಿಲ್ಲ. ಕೋವಿಯ ಹಿಂದೆ ಒಬ್ಬ ಮನುಷ್ಯನಾದರೂ ನಿಂತಿರುತ್ತಿದ್ದ. ಇಂದು ನಮ್ಮ ತೋಟಗಳ ಬೇಲಿಯಲ್ಲಿರುವುದು ತಂತಿಯ ಉರುಳು. ಹಂದಿಗೆಂದು ಕಟ್ಟಿದ ಉರುಳಿಗೆ ಚಿರತೆ ಬಿದ್ದು ಸೊಂಟ ಕೊಯ್ದುಕೊಂಡು ಒದ್ದಾಡಿದ ಸುದ್ದಿ ಉಡುಪಿ ಜಿಲ್ಲೆಯ ಪತ್ರಿಕೆ ಓದುವವರಿಗೆ ಹೊಸದಲ್ಲ. ಉರುಳು ಕಟ್ಟಿದವನು ಆ ಹೊತ್ತಿಗೆ ಪೇಟೆಯಲ್ಲಿರುತ್ತಾನೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ ಸಿಡಿಮದ್ದು. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ, ಹಂದಿಗೆಂದು ಸಿಡಿಮದ್ದು ತುಂಬಿಟ್ಟ ತಿನಿಸನ್ನು ಬಾಯಿಗೆ ಹಾಕಿದ ಗಬ್ಬದ ಆನೆಯೊಂದು, ದವಡೆ ಒಡೆದು, ಮೇಯಲಾರದೆ, ವೆಳ್ಳಿಯಾರ್ ಹೊಳೆಯ ನೀರಿನಲ್ಲಿ ಸೊಂಡಿಲು ಮುಳುಗಿಸಿ ನಿಂತೇ ಸತ್ತಿತು. ಟೇಲರನ ಸೂತ್ರದಲ್ಲಿ ಈ ಸಿಡಿಮದ್ದಿಗೆ ಅಂಕವಿಲ್ಲ. ಗುರಿಯಿಲ್ಲ, ಗಾತ್ರದ ಯೋಚನೆಯಿಲ್ಲ, ಹಿಂದೆ ನಡೆಯುವ ಕಾಲಿಲ್ಲ.

ಇದನ್ನು ಬರೆಯುವಾಗ ಬೆಳೆ ಕಳೆದುಕೊಂಡವರ ಸಂಕಟವನ್ನು ನಾನು ಹಗುರವಾಗಿ ಎಣಿಸುತ್ತಿಲ್ಲ. ಒಂದು ರಾತ್ರಿಯಲ್ಲಿ ಗದ್ದೆ ಉತ್ತಂತಾಗುವುದನ್ನು ಪೇಟೆಯಲ್ಲಿ ಅಕ್ಕಿ ಕೊಳ್ಳುವವರು ಅರಿಯರು. ಬೆಳೆ ಕಾಯಲೆಂದು ಪರವಾನಗಿ ಪಡೆದ ಕೋವಿಗಳನ್ನು ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಬೇಕು. ಹಂದಿಗೆ ಚುನಾವಣೆಯ ಗೊಡವೆಯಿಲ್ಲ. ರೈತ ಸಿಟ್ಟಾಗುವುದು ನ್ಯಾಯವೇ. ನಾನು ಹೇಳುವುದು ಇಷ್ಟೇ: ತಾನು ನಿಂತು ನೋಡಲಾರದ ಸಾವನ್ನು ಬೇಲಿಗೆ ಕಟ್ಟಿ ಬರುವುದು ಬೆಳೆ ಕಾಯುವ ಹಕ್ಕಿನೊಳಗೆ ಸೇರುವುದಿಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ಚಿತ್ರವನ್ನೂ ನೆನೆಯಬೇಕು. ಗುಂಡುಗಳಲ್ಲೆಲ್ಲ ಅತ್ಯಂತ ಹಗುರವಾದದ್ದು ಅರವಳಿಕೆಯ ಮದ್ದು ತುಂಬಿದ ಸೂಜಿ. ಅದು ಕೊಲ್ಲುವುದಕ್ಕಲ್ಲ, ಉಳಿಸುವುದಕ್ಕೆ. ಆದರೆ ಅದು ತಗುಲಿದ ಮೇಲೆ ಮದ್ದು ಏರಲು ನಿಮಿಷಗಳು ಬೇಕು; ಆ ನಿಮಿಷಗಳಲ್ಲಿ ಎದುರು ನಿಂತವನಿಗೆ .470ರ ಆಸರೆಯಿಲ್ಲ. 2023ರ ಆಗಸ್ಟ್ 31ರಂದು ಹಾಸನ ಜಿಲ್ಲೆಯ ಆಲೂರು ತಾಲೂಕಿನಲ್ಲಿ ಗಾಯಗೊಂಡಿದ್ದ ಕಾಡಾನೆಯೊಂದಕ್ಕೆ ಚಿಕಿತ್ಸೆ ಮಾಡಲು ಅರಣ್ಯ ಇಲಾಖೆಯವರು ಹೋದರು. ಜನರು ಪ್ರೀತಿಯಿಂದ ಆನೆ ವೆಂಕಟೇಶ್ ಎಂದು ಕರೆಯುತ್ತಿದ್ದ ಗುರಿಕಾರರು ಸೂಜಿ ಹೊಡೆದರು. ಆನೆ ತಿರುಗಿ ಬಂದಿತು, ಅವರು ಉಳಿಯಲಿಲ್ಲ. ಬೇಟೆಗಾರರ ಹಳೆಯ ನಿಯಮ ತಾನು ಮಾಡಿದ ಗಾಯದ ಹಿಂದೆ ಹೋಗು ಎನ್ನುತ್ತದೆ. ವೆಂಕಟೇಶರು ಹೋದದ್ದು ತಾವು ಮಾಡದ ಗಾಯದ ಹಿಂದೆ.

ಎಷ್ಟು ದೊಡ್ಡ ಗುಂಡು ಸಾಕು ಎಂಬ ಪ್ರಶ್ನೆಗೆ ಹಾಗಾದರೆ ಉತ್ತರವೇನು? ಪ್ರಾಣಿಗೆ ಬೇಕಾದಷ್ಟು, ನಮ್ಮ ಹೆಗಲು ತಾಳುವಷ್ಟು ಎಂಬ ಅಜ್ಜನ ಮಾತಿಗಿಂತ ಹೆಚ್ಚಿನದನ್ನು ಆ ಪುಸ್ತಕಗಳಲ್ಲಿ ನಾನು ಕಾಣಲಿಲ್ಲ. ಗುಂಡು ನಳಿಗೆ ಬಿಟ್ಟ ಮೇಲಿನ ಮಾತನ್ನು ಹೇಳುವ ತಕ್ಕಡಿ ಬೇರೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949–50ರ ಒಂದು ಶಾಸನ ದೊರೆತಿದೆ; ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಗೆದ್ದ ವೀರರ ಕೀರ್ತಿಯೂ ಅದರಲ್ಲಿದೆ. ಆದರೆ ಕಲ್ಲು ನೆಟ್ಟದ್ದು ಒಂದು ನಾಯಿಗಾಗಿ. ಮಣಲೇರನೆಂಬ ವೀರ ರಾಜನಿಂದ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದು, ದೊಡ್ಡದೊಂದು ಹಂದಿಯ ಮೇಲೆ ಬಿಟ್ಟ. ನಾಯಿಯೂ ಹಂದಿಯೂ ಹೋರಾಡಿ ಎರಡೂ ಸತ್ತವು. ಮಣಲೇರ ಮನೆಗೆ ಹೋಗಿ ಇನ್ನೊಂದು ನಾಯಿಯನ್ನು ಕೇಳಲಿಲ್ಲ. ದೇವಾಲಯದ ಮುಂದೆ ಕಲ್ಲು ನಿಲ್ಲಿಸಿದ, ಅದರ ಪೂಜೆಗೆಂದು ಭೂಮಿ ಬಿಟ್ಟ. ಆ ಕಲ್ಲಿನ ಮೇಲೆ ನಾಯಿಯೊಂದೇ ಇಲ್ಲ; ಅದರ ಎದುರು ಹಂದಿಯನ್ನೂ ಕೆತ್ತಿದ್ದಾರೆ.